ಅಪ್ಪಯ್ಯನ 25 ಅಡಿ ಲೆಕ್ಕ

2024ರ ಜೂನ್ ಮೊದಲ ವಾರ ಅಪ್ಪಯ್ಯನನ್ನು ಆ್ಯಂಬುಲೆನ್ಸ್‌ನಲ್ಲಿ ಮನೆಗೆ ಕರ್ಕೊಂಡು ಬಂದ್ವಿ. ಮಣಿಪಾಲದಿಂದ ಶಿರೂರಿಗೆ ಸುಮಾರು 80 ಕಿಲೋಮೀಟರ್. ಹಿಂದೆ ಕಾರಿನಲ್ಲಿ ನಾನು. ಹಿಂದಿನ ಸೀಟಿನಲ್ಲಿ ವಾಟರ್ ಬೆಡ್, ಔಷಧಿ ಚೀಲ, ಜೊತೆಗೆ ಒಂದು ಬಿಳಿ ಪೆಟ್ಟಿಗೆ. ಮಿಕ್ಸಿಗಿಂತ ಸ್ವಲ್ಪ ದೊಡ್ಡದು. ಮೇಲೊಂದು ಮುಳ್ಳಿನ ಮೀಟರ್, ಪಕ್ಕದಲ್ಲಿ ಮುಚ್ಚಳವಿರೋ ಜಾರ್, ಅದಕ್ಕೆ ಎರಡು ಪಾರದರ್ಶಕ ಪೈಪು. ಸಕ್ಷನ್ ಮಶೀನ್.

(ಮುಂದೆ ಹೋಗೋ ಮೊದಲು ಒಂದು ಮಾತು. ಇದು ಬೈಂದೂರು ತಾಲೂಕಿನ ಶಿರೂರು, ಭಟ್ಕಳಕ್ಕೆ ತಾಗಿಕೊಂಡಿರೋದು. ಅದೇ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಅರ್ಧ ಆಫೀಸು ನಂಗೆ ಫೋನ್ ಮಾಡಿತ್ತು. ಉಡುಪಿ ಹತ್ತಿರ ಶಿರೂರು ಮಠ ಅಂತ ಇನ್ನೊಂದಿದೆ. ನಾನು ಮೂರೂ ಕಡೆಯವನಾಗಿ ಅಭ್ಯಾಸ ಆಗಿಬಿಟ್ಟಿದೆ.)

ಅಪ್ಪಯ್ಯನಿಗೆ ಏಪ್ರಿಲ್ ಕೊನೆಯಲ್ಲಿ ಸ್ಟ್ರೋಕ್ ಆಗಿತ್ತು. ಎಡಗೈ, ಎಡಗಾಲು ಬಿದ್ದುಹೋಗಿದ್ವು. ಬಹಳ ದಿನ ವೆಂಟಿಲೇಟರ್‌ನಲ್ಲಿ ಇಡಬೇಕಾಗಿದ್ದರಿಂದ ಗಂಟಲಿಗೆ ತೂತು ಮಾಡಿ ಕೊಳವೆ ಹಾಕಿದ್ರು. ಉಸಿರು ಆ ಕೊಳವೆಯಿಂದಲೇ ಒಳಗೆ, ಅದರಿಂದಲೇ ಹೊರಗೆ. ಗಾಳಿ ಧ್ವನಿಪೆಟ್ಟಿಗೆ ತನಕ ಹೋಗೋದೇ ಇಲ್ಲ, ಹಾಗಾಗಿ ಮಾತೂ ಇಲ್ಲ. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಕೆಮ್ಮೋ ಶಕ್ತಿ ಕಡಿಮೆ, ಕಫ ಕೊಳವೆಯಲ್ಲಿ ಕಟ್ಟುತ್ತೆ. ಅದನ್ನ ತೆಗೆಯೋಕೆ ಈ ಪೆಟ್ಟಿಗೆ.

ಮನೆಗೆ ಬಂದು ಸ್ವಿಚ್ ಹಾಕಿದೆ. ಗರ್‌ರ್ ಅಂತ ಶುರುವಾಯ್ತು. ಅಡುಗೆಮನೆಯಿಂದ ಬಂದ ಅಮ್ಮ ಒಂದು ನಿಮಿಷ ನಿಂತು ಕೇಳಿ ಹೇಳಿದ್ರು, "ಇದ್ ನಮ್ಮ್ ಫ್ಯಾಕ್ಟ್ರಿ ಡಬ್ಬಿ ಮಿಶಿನ್ ಕಣಗೆ ಶಬ್ದ ಮಾಡತ್ತಲ್ದಾ?"

ಅಮ್ಮ 22 ವರ್ಷ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಸಿಪ್ಪೆ ತೆಗೆಯೋದು, ಗ್ರೇಡಿಂಗು. ಪ್ಯಾಕಿಂಗ್ ಸೆಕ್ಷನ್ ಆಚೆ ಗೋಡೆಗೆ. ಅಲ್ಲಿ 11.34 ಕೆ.ಜಿ. ತಿರುಳು ಹಿಡಿಯೋ ತಗಡಿನ ಡಬ್ಬಿಗಳು. ಆ ವಿಚಿತ್ರ ಅಂಕಿ ಯಾಕೆ ಅಂದ್ರೆ ಅದು 25 ಪೌಂಡು, ರಫ್ತಿನ ಕಾಲದ ಅಳತೆ. ತಿರುಳು ತುಂಬಿದ ಮೇಲೆ ಮಶೀನು ಡಬ್ಬಿಯೊಳಗಿನ ಗಾಳಿ ತೆಗೆದು, ಆ ಜಾಗಕ್ಕೆ ಇಂಗಾಲದ ಡೈ ಆಕ್ಸೈಡ್ ತುಂಬಿ ಸೀಲ್ ಮಾಡುತ್ತೆ. ಆಮ್ಲಜನಕ ಇಲ್ಲದಿದ್ರೆ ಗೇರುಬೀಜದ ಎಣ್ಣೆ ಕೆಡೋದು ನಿಧಾನ, ಹುಳ ಬದುಕಲ್ಲ. ಅಮ್ಮ ಹೇಳಿದ್ದು ಸರಿಯೇ ಇತ್ತು. ಎರಡೂ ವ್ಯಾಕ್ಯೂಮ್ ಪಂಪ್. ಒಂದು ಗೇರುಬೀಜಕ್ಕೆ, ಇನ್ನೊಂದು ಅಪ್ಪಯ್ಯನಿಗೆ.

ಅಪ್ಪಯ್ಯ ಸಹ ಪಂಪಿನವರೇ. ಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇತ್ತು. ಸುತ್ತಮುತ್ತ ಎಷ್ಟೋ ಮನೆಗಳ ಬಾವಿ ಪಂಪ್‌ಸೆಟ್ಟಿಗೆ ಅವರೇ ಡಾಕ್ಟ್ರು. ನಾನು ಹೈಸ್ಕೂಲಲ್ಲಿದ್ದಾಗ ರಜೆಯಲ್ಲಿ ಸ್ಪ್ಯಾನರ್ ಹಿಡ್ಕೊಂಡು ಹಿಂದೆ ಹೋಗ್ತಿದ್ದೆ. ಬೇಸಿಗೆಯ ಕಂಪ್ಲೇಂಟು ಯಾವಾಗ್ಲೂ ಒಂದೇ. ಮೋಟಾರ್ ತಿರುಗುತ್ತೆ, ನೀರು ಬರಲ್ಲ. ಅಪ್ಪಯ್ಯ ಹೋದವರೇ ಮೋಟಾರ್ ಮುಟ್ಟುತ್ತಿರಲಿಲ್ಲ. ಬಾವಿಗೆ ಬಗ್ಗಿ ನೋಡಿ ಎರಡೇ ಪ್ರಶ್ನೆ ಕೇಳ್ತಿದ್ರು. ಗಾಳಿ ಹಿಡಿದಿದೆಯಾ? ನೀರು 25 ಅಡಿಗಿಂತ ಕೆಳಗೆ ಹೋಗಿದೆಯಾ?

ಮೊದಲನೆಯದಾದ್ರೆ ಫುಟ್‌ವಾಲ್ವ್ ಅಥವಾ ಪೈಪಿನ ಜಾಯಿಂಟ್ ಲೀಕು. ಎರಡನೆಯದಾದ್ರೆ ಬಾವಿಯ ಕೆಂಪುಕಲ್ಲಿನ ಗೋಡೆಗೆ ಅಡ್ಡ ಮರ ಕೊಟ್ಟು ಅಟ್ಟ ಮಾಡಿ ಪಂಪನ್ನೇ ಕೆಳಗಿಳಿಸೋದು. "ಎರಡು ಎಚ್‌ಪಿ ಹಾಕಿದ್ರೆ ಎಳಿತಿಲ್ಯಾ?" ಅಂತ ಮನೆಯವರು ಕೇಳಿದ್ರೆ, "ಹತ್ತ್ ಎಚ್‌ಪಿ ಹಾಕಿದ್ರೂ ಎಳಿತಿಲ್ಲ ಮಾರಾಯ್ರೆ" ಅಂತಿದ್ರು. ಯಾಕೆ ಅಂತ ನಾನು ಒಮ್ಮೆ ಕೇಳಿದ್ದೆ. "ಅದ್ ಹಂಗೇ" ಅಂದಿದ್ರು.

ಇಂಜಿನಿಯರಿಂಗ್ ನಾಲ್ಕು ವರ್ಷ ಮುಗಿಸಿ, ಬೆಂಗಳೂರಲ್ಲಿ ಎಂಟು ವರ್ಷ ಕೆಲಸ ಮಾಡಿದ್ರೂ ಆ "ಅದ್ ಹಂಗೇ" ಯಾಕೆ ಅಂತ ನಂಗೆ ಹೊಳೆದಿರಲಿಲ್ಲ. ಕಂಪ್ಯೂಟರ್ ಸೈನ್ಸ್‌ನವನಿಗೆ ಪಂಪ್ ಯಾಕೆ ಬೇಕು? ಈ ಮಶೀನಿನ ಮೀಟರ್ ನೋಡ್ತಾ ಕೂತಾಗ ಬೇಕಾಯ್ತು.

ಆಸ್ಪತ್ರೆಯಲ್ಲಿ ಸಿಸ್ಟರ್ ಎರಡು ದಿನ ಕಲಿಸಿದ್ರು. ಮುಳ್ಳು 80ರಿಂದ 120ರ ಒಳಗೇ ಇರಬೇಕು, ಕೊಳವೆ ಒಳಗಿಟ್ಟು ಹತ್ತು ಸೆಕೆಂಡಿಗಿಂತ ಹೆಚ್ಚು ಎಳೀಬಾರದು. ಹೆಚ್ಚಾದ್ರೆ ಒಳಗಿನ ಮೆತ್ತನೆ ಚರ್ಮಕ್ಕೆ ಗಾಯ, ಅಷ್ಟೇ ಅಲ್ಲ, ಕಫದ ಜೊತೆ ಅವರು ಉಸಿರಾಡೋ ಗಾಳಿಯನ್ನೂ ನಾವು ತೆಗೀತಿರ್ತೀವಿ. ಆ 120 ಅಂದ್ರೆ ಪಾದರಸದ ಮಿಲಿಮೀಟರು. ನಮ್ಮ ಸುತ್ತ ಇರೋ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ 760. ಅಂದ್ರೆ ಈ ಮಶೀನು ಜಾರಿನೊಳಗಿನ ಒತ್ತಡವನ್ನ ಆರನೇ ಒಂದು ಭಾಗ ಇಳಿಸುತ್ತೆ, ಅಷ್ಟೇ. ಬಾವಿಗೆ ಹಚ್ಚಿದ್ರೆ ನೀರು ಒಂದೂವರೆ ಮೀಟರಿಗಿಂತ ಸ್ವಲ್ಪ ಮೇಲೆ ಏರೀತು.

ರಾತ್ರಿ ಪಾಳಿ ನಂದು. ಎರಡು ಗಂಟೆಗೊಮ್ಮೆ ಏಳಬೇಕು. ನಡುವೆ ನಿದ್ದೆ ಬರಲ್ಲ, ಅಪ್ಪಯ್ಯನಿಗೂ ಬರಲ್ಲ. ಮೊದಮೊದಲು ಮೊಬೈಲಲ್ಲಿ ಯಕ್ಷಗಾನ ಹಾಕ್ತಿದ್ದೆ. ಆಮೇಲೆ ಒಂದಿನ ಫೋನಲ್ಲಿ ಓದ್ತಿದ್ದದ್ದನ್ನೇ ಗಟ್ಟಿಯಾಗಿ ಹೇಳೋಕೆ ಶುರುಮಾಡಿದೆ. "ಅಪ್ಪಯ್ಯ, ನಿಮ್ಮ 25 ಅಡಿ ಲೆಕ್ಕ ಇಟಲಿಯವರಿಗೂ ಗೊತ್ತಿತ್ತಂಬ್ರು" ಅಂದೆ. ಕಣ್ಣು ನನ್ನ ಕಡೆ ತಿರುಗ್ತು.

1638ರಲ್ಲಿ ಬಂದ ಗೆಲಿಲಿಯೋ ಪುಸ್ತಕದಲ್ಲಿ ಅದು ಬರುತ್ತೆ. ಒಬ್ಬರ ನೀರಿನ ಪಂಪು ಕೆಲಸ ಮಾಡ್ತಿರಲ್ಲ. ರಿಪೇರಿಗೆ ಕರೆಸಿದ ಕೆಲಸಗಾರ ನೋಡಿ, ಪಂಪು ಸರಿಯಾಗೇ ಇದೆ, ನೀರು ಕೆಳಗೆ ಹೋಗಿದೆ, 18 ಮೊಳಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಎತ್ತೋಕಾಗಲ್ಲ ಅಂತಾನೆ. ಅಪ್ಪಯ್ಯನ ಮುಖದಲ್ಲಿ ಒಂದು ಬದಿ ಮಾತ್ರ ನಗು ಬರ್ತಿತ್ತು ಆಗ. ಅದು ಬಂತು. 400 ವರ್ಷದ ಹಿಂದೆ ಅವರ ಅಂಗಡಿಯವನೇ ಒಬ್ಬ ಇದ್ದ ಹಾಗೆ.

ತಮಾಷೆ ಅಂದ್ರೆ, ಕಾರಣ ಹೇಳೋದ್ರಲ್ಲಿ ಗೆಲಿಲಿಯೋ ತಪ್ಪಿದ್ರು. ಹಗ್ಗ ತನ್ನ ಭಾರಕ್ಕೇ ತುಂಡಾಗೋ ಹಾಗೆ ನೀರಿನ ಕಂಬವೂ ತುಂಡಾಗುತ್ತೆ ಅಂತ ಅವರ ಊಹೆ. ಸರಿ ಹೇಳಿದ್ದು ಅವರ ಕೊನೆಗಾಲದಲ್ಲಿ ಜೊತೆಗಿದ್ದ ಟೊರಿಸೆಲ್ಲಿ. ಪಂಪು ನೀರನ್ನ ಎಳೆಯೋದೇ ಇಲ್ಲ. ಪೈಪಿನೊಳಗಿನ ಗಾಳಿಯನ್ನ ಖಾಲಿ ಮಾಡುತ್ತೆ ಅಷ್ಟೇ. ಹೊರಗೆ ಬಾವಿಯ ನೀರಿನ ಮೇಲೆ ಕೂತಿರೋ ಗಾಳಿ ತನ್ನ ಭಾರದಿಂದ ನೀರನ್ನ ಪೈಪಿನೊಳಕ್ಕೆ ದೂಡುತ್ತೆ. ಆ ಭಾರಕ್ಕೆ ಏರಿಸೋಕಾಗೋದು ಹೆಚ್ಚೆಂದ್ರೆ 10.3 ಮೀಟರ್, ಸುಮಾರು 34 ಅಡಿ. ಪೈಪಿನ ತಿಕ್ಕಾಟ, ಸಣ್ಣಪುಟ್ಟ ಲೀಕು, ಒತ್ತಡ ಇಳಿದಾಗ ನೀರೇ ಆವಿಯಾಗೋದು, ಇದೆಲ್ಲ ಕಳೆದ್ರೆ ಉಳಿಯೋದು 25 ಅಡಿ. ಹತ್ತು ಎಚ್‌ಪಿ ಹಾಕಿದ್ರೂ ಗಾಳಿಯ ಭಾರ ಹೆಚ್ಚಾಗಲ್ವಲ್ಲ! ಟೊರಿಸೆಲ್ಲಿ ನೀರಿನ ಬದಲು 13.6 ಪಟ್ಟು ಭಾರದ ಪಾದರಸ ತಗೊಂಡು ನೋಡಿದ್ರು. 10 ಮೀಟರಿನ ಜಾಗದಲ್ಲಿ 76 ಸೆಂಟಿಮೀಟರ್ ನಿಂತಿತು. ಅದರ ಮೇಲೆ ಕೊಳವೆಯಲ್ಲಿ ಉಳಿದ ಖಾಲಿ ಜಾಗವೇ ನಿರ್ವಾತ. ನಾವೆಲ್ಲ ಗಾಳಿಯ ಸಮುದ್ರದ ತಳದಲ್ಲಿ ಬದುಕ್ತಿದ್ದೀವಿ ಅನ್ನೋ ಅರ್ಥದ ಮಾತು 1644ರ ಅವರ ಪತ್ರದಲ್ಲಿದೆ. ಕಡಲ ಶಬ್ದ ಕೇಳೋ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಅದನ್ನ ಓದಿದ್ರೆ ಬೇರೆಯೇ ಥರ ಅನ್ಸುತ್ತೆ.

ಅಪ್ಪಯ್ಯ ಬಲಗೈ ಎತ್ತಿ ಹಾಸಿಗೆಯ ಮೇಲೆ ಬೆರಳಲ್ಲಿ 34 ಅಂತ ಬರೆದು, ಪ್ರಶ್ನೆ ಕೇಳೋ ಹಾಗೆ ಹುಬ್ಬು ಹಾರಿಸಿದ್ರು. ಹೌದು ಅಂದೆ. ತಲೆ ಅಲ್ಲಾಡಿಸಿದ್ರು. ಒಪ್ಪಿದ್ದೋ, 'ಇಷ್ಟ್ ವರ್ಷ ಯಾರೂ ಹೇಳ್ಲಿಲ್ಲ ಕಾಣ್' ಅಂದಿದ್ದೋ ಗೊತ್ತಾಗ್ಲಿಲ್ಲ.

ಮಾರನೇ ರಾತ್ರಿ ಗೆರಿಕೆ. ಜರ್ಮನಿಯ ಮ್ಯಾಗ್ಡೆಬರ್ಗ್ ಪಟ್ಟಣದ ಮೇಯರ್ ಒಟ್ಟೊ ಫಾನ್ ಗೆರಿಕೆ. ನಿರ್ವಾತಕ್ಕೆ ಅಂತಲೇ ಮೊದಲ ಪಂಪು ಮಾಡಿದವರು ಇವರು, 1650ರ ಸುಮಾರಿಗೆ. ಮೊದಲು ಒಂದು ಬಿಯರ್ ಪೀಪಾಯಿಗೆ ನೀರು ತುಂಬಿ, ಕೆಳಗಿಂದ ಪಂಪ್ ಹಚ್ಚಿ ನೀರು ಹೊರತೆಗೆದ್ರು. ನೀರು ಹೋದ್ಮೇಲೆ ಉಳಿಯೋದು ಖಾಲಿ ತಾನೇ? ಆದ್ರೆ ಮರದ ಸಂದಿನಿಂದ ಗಾಳಿ ಕುದಿಯೋ ನೀರಿನ ಥರ ಶಬ್ದ ಮಾಡ್ತಾ ಒಳಗೆ ನುಗ್ಗಿತು.

ಇಲ್ಲಿಗೆ ಬಂದಾಗ ಅಪ್ಪಯ್ಯನ ಹೊಟ್ಟೆ ಕುಣಿಯಿತು. ಶಬ್ದ ಇಲ್ಲದ ನಗು. ಗಾಳಿ ಹಿಡೀತು!

ಆಮೇಲೆ ತಾಮ್ರದ ಗೋಲ ಮಾಡಿಸಿದ್ರು. ಅದು ಹೆಚ್ಚುಕಮ್ಮಿ ಪೂರ್ತಿ ಖಾಲಿಯಾಯ್ತು ಅಂದ್ಕೊಳ್ಳೋಷ್ಟರಲ್ಲಿ ದೊಡ್ಡ ಶಬ್ದದೊಂದಿಗೆ ಕೈಯಲ್ಲಿ ಹಿಂಡಿದ ಬಟ್ಟೆ ಥರ ಮುದುಡಿಹೋಯ್ತು. ಇನ್ನೂ ಗಟ್ಟಿ, ಇನ್ನೂ ದುಂಡಗಿನ ಗೋಲ ಮಾಡಿಸಿದ ಮೇಲೆ ನಿಂತಿತು. ಎರಡು ಅರ್ಧಗೋಲ ಸೇರಿಸಿ ಗಾಳಿ ತೆಗೆದು, ಆ ಕಡೆ ಎಂಟು ಈ ಕಡೆ ಎಂಟು ಕುದುರೆ ಕಟ್ಟಿ ಎಳೆಸಿದ ಕತೆ ನಮಗೆಲ್ಲ ಹೈಸ್ಕೂಲ್ ಪಾಠದಲ್ಲಿತ್ತು. ಅರ್ಧ ಮೀಟರ್ ಅಗಲದ ಗೋಲಕ್ಕೆ ಲೆಕ್ಕ ಹಾಕಿದ್ರೆ ಹೊರಗಿನ ಗಾಳಿ ಒತ್ತೋ ಬಲ ಸುಮಾರು ಎರಡು ಟನ್. ಪಂಪಿನೊಳಗೆ ಇದ್ದಿದ್ದು ಒಂದು ಸಿಲಿಂಡರ್, ಒಂದು ಪಿಸ್ಟನ್, ಎರಡು ವಾಲ್ವ್. ಪಿಸ್ಟನ್ ಹಿಂದೆ ಹೋದಾಗ ಗೋಲದೊಳಗಿನ ಗಾಳಿ ಹರಡ್ಕೊಂಡು ಸಿಲಿಂಡರಿಗೆ ಬರುತ್ತೆ, ಮುಂದೆ ಬಂದಾಗ ಆ ಗಾಳಿ ಹೊರಗೆ. ನಮ್ಮ ಹಾಲ್‌ನಲ್ಲಿ ಗರ್‌ರ್ ಅಂತಿದ್ದ ಪೆಟ್ಟಿಗೆಯೊಳಗೂ ಅದೇ. ಸುಮಾರು 370 ವರ್ಷದಲ್ಲಿ ಕೈ ಹೋಗಿ ಮೋಟಾರ್ ಬಂದಿದೆ.

ಜುಲೈ ಎರಡನೇ ವಾರ. ಮಳೆ ಅಂದ್ರೆ ನಮ್ಮ ಕಡೆಯ ಮಳೆ. ಮಧ್ಯರಾತ್ರಿ ಕರೆಂಟ್ ಹೋಯ್ತು. ಇನ್ವರ್ಟರ್ ಇತ್ತು, ಭಯ ಇರಲಿಲ್ಲ. ಒಂದೂವರೆಗೆ ಅಪ್ಪಯ್ಯನ ಕೊಳವೆಯಲ್ಲಿ ಗೊರಗೊರ ಶುರುವಾಯ್ತು. ಕೈ ತೊಳೆದು, ಗ್ಲೌಸ್ ಹಾಕಿ, ಮಶೀನ್ ಆನ್ ಮಾಡಿದೆ. ಶಬ್ದ ಬಂತು. ಮುಳ್ಳು 20ರ ಮೇಲೆ ಏಳಲಿಲ್ಲ.

ಆಫ್ ಮಾಡಿ ಆನ್ ಮಾಡಿದೆ. ನಮ್ಮ ವೃತ್ತಿಯಲ್ಲಿ ಎಲ್ಲಾ ರೋಗಕ್ಕೂ ಅದೇ ಕಷಾಯ. ಮತ್ತೆ 20. ಇನ್ವರ್ಟರ್ ವೋಲ್ಟೇಜ್ ಕಡಿಮೆ ಇರಬೇಕು ಅಂತ ಫ್ಯಾನು, ಲೈಟು ಎಲ್ಲ ಆಫ್ ಮಾಡಿದೆ. 20. ಪೈಪ್ ಬದಲಾಯಿಸಿದೆ, ಕೈ ನಡುಗಿ ಹೊಸ ಪೈಪಿನ ಪ್ಯಾಕೆಟ್ ಹರಿಯೋಕೇ ಆಗ್ತಿಲ್ಲ. ಬೆರಳಿಗೆ ಹಾಕಿದ್ದ ಆಕ್ಸಿಮೀಟರಿನಲ್ಲಿ 93 ಇದ್ದದ್ದು 88 ಆಯ್ತು, 86 ಆಯ್ತು. ಅಮ್ಮ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಾರೆ, ಏನೂ ಕೇಳ್ತಿಲ್ಲ. ಈ ಮಳೆಯಲ್ಲಿ ಆ್ಯಂಬುಲೆನ್ಸ್ ಬಂದು ಕುಂದಾಪುರಕ್ಕೆ ಹೋಗೋದಾದ್ರೂ ಒಂದು ಗಂಟೆ ಬೇಕು.

ಟಕ್ ಟಕ್ ಟಕ್. ಅಪ್ಪಯ್ಯ ಬಲಗೈಯ ಉಂಗುರದಿಂದ ಮಂಚದ ಕಬ್ಬಿಣಕ್ಕೆ ಬಡೀತಿದ್ರು. ತಿರುಗಿ ನೋಡಿದೆ. ಬೆರಳುಗಳನ್ನ ಡಬ್ಬಿಯ ಮುಚ್ಚಳ ತಿರುಗಿಸೋ ಹಾಗೆ ತಿರುಗಿಸಿದ್ರು. ಮತ್ತೆ ತಿರುಗಿಸಿ, ಜಾರಿನ ಕಡೆ ತೋರಿಸಿದ್ರು.

ಸಂಜೆ ಜಾರ್ ತೊಳೆದವನು ನಾನೇ. ಮುಚ್ಚಳ ತೆಗೆದು ನೋಡಿದ್ರೆ ರಬ್ಬರ್ ವಾಶರ್ ಒಂದು ಕಡೆ ಮಡಚಿ ಹೊರಗೆ ಬಂದಿದೆ. ಸರಿಯಾಗಿ ಕೂರಿಸಿ ಮುಚ್ಚಿದೆ. ಮುಳ್ಳು ಒಂದೇ ಏಟಿಗೆ 120. ಹತ್ತು ಸೆಕೆಂಡ್. ಬಿಟ್ಟು ಇನ್ನೊಮ್ಮೆ. ಗೊರಗೊರ ನಿಂತಿತು. ಆಕ್ಸಿಮೀಟರ್ 95 ತೋರಿಸೋಕೆ ಎಷ್ಟು ಹೊತ್ತು ಹಿಡೀತೋ ಗೊತ್ತಿಲ್ಲ, ನಾನು ನೆಲದ ಮೇಲೆ ಕೂತುಬಿಟ್ಟಿದ್ದೆ.

ಅವರಿಗೆ ಹೇಗೆ ಗೊತ್ತಾಯ್ತು ಅಂತ ಬೆಳಿಗ್ಗೆ ಕೇಳಿದೆ. ಕಿವಿ ಮುಟ್ಟಿ ತೋರಿಸಿದ್ರು. ಲೀಕ್ ಇರೋ ಪಂಪಿನ ಶಬ್ದ ಬೇರೆ ಅಂತ 40 ವರ್ಷ ಬಾವಿಕಟ್ಟೆಯ ಮೇಲೆ ನಿಂತ ಕಿವಿಗೆ ಗೊತ್ತು. ಬಿಗಿಯಾಗಿದ್ರೆ ಪಂಪಿಗೆ ಲೋಡ್ ಬಿದ್ದು ದನಿ ದಪ್ಪವಾಗುತ್ತೆ. ಗಾಳಿ ಹಿಡಿದ್ರೆ ಹಗುರಾಗಿ ಓಡ್ತಾ ಇರುತ್ತೆ. ನಾನು ಮೀಟರ್ ನೋಡ್ತಿದ್ದೆ, ಅವರು ಪಂಪು ಕೇಳ್ತಿದ್ರು. ಅದಾದ ಮೇಲೆ ಆನ್ ಮಾಡಿದ ಕೂಡಲೇ ಪೈಪಿನ ತುದಿಗೆ ಹೆಬ್ಬೆರಳು ಒತ್ತಿ ಮುಳ್ಳು ಏರುತ್ತಾ ಅಂತ ನೋಡಿಯೇ ಮುಂದಿನ ಕೆಲಸ. ಕಾಲಿನಿಂದ ತುಳಿಯೋ, ಕರೆಂಟೇ ಬೇಡದ ಸಕ್ಷನ್ ಪಂಪ್ ಒಂದನ್ನೂ ತರಿಸಿಟ್ಟೆ. ಮನೆಯಲ್ಲಿ ಇಂಥ ರೋಗಿ ಇರೋರು ಅದನ್ನ ಮೊದಲೇ ತರಿಸ್ಕೊಳ್ಳಿ, ನನ್ನ ಹಾಗೆ ಆಮೇಲೆ ಅಲ್ಲ.

ಗೆರಿಕೆಯ ನಂತರ ಬರೋದು ಇಂಗ್ಲೆಂಡಿನ ರಾಬರ್ಟ್ ಬಾಯ್ಲ್. 1659ರಲ್ಲಿ ರಾಬರ್ಟ್ ಹುಕ್ ಅವರಿಗೊಂದು ಒಳ್ಳೆ ಪಂಪ್ ಮಾಡಿಕೊಟ್ರು. ಗಾಜಿನ ಪಾತ್ರೆಯೊಳಗೆ ಗಂಟೆ ಇಟ್ಟು ಗಾಳಿ ತೆಗೆದ್ರೆ ಶಬ್ದ ಕ್ಷೀಣಿಸುತ್ತೆ, ಮೇಣದಬತ್ತಿ ಆರುತ್ತೆ. ಹಕ್ಕಿಗಳನ್ನೂ ಇಟ್ಟು ನೋಡಿದ್ರು. ಅದನ್ನ ನಾನು ಅಪ್ಪಯ್ಯನಿಗೆ ಹೇಳಲಿಲ್ಲ. ಫೋನ್ ಸ್ಕ್ರಾಲ್ ಮಾಡಿ 200 ವರ್ಷ ಮುಂದೆ ಹೋದೆ.

ಆ 200 ವರ್ಷ ಪಂಪು ಹೆಚ್ಚುಕಮ್ಮಿ ಅಲ್ಲೇ ನಿಂತಿತ್ತು. ಪಿಸ್ಟನ್ ಒಂದೊಂದು ಸಲವೂ ಉಳಿದದ್ದರಲ್ಲಿ ಒಂದು ಪಾಲನ್ನಷ್ಟೇ ತೆಗೆಯುತ್ತೆ, ವಾಶರ್ ಎಷ್ಟೇ ಬಿಗಿ ಇದ್ರೂ ಸ್ವಲ್ಪ ಒಳಗೆ ಬರುತ್ತೆ. 1855ರಲ್ಲಿ ಗೈಸ್ಲರ್, 1865ರಲ್ಲಿ ಸ್ಪ್ರೆಂಗೆಲ್ ಪಿಸ್ಟನ್ ಬಿಟ್ಟು ಪಾದರಸ ಹಿಡಿದ್ರು. ಸ್ಪ್ರೆಂಗೆಲ್ ಪಂಪಿನಲ್ಲಿ ಸಣ್ಣ ಗಾಜಿನ ಕೊಳವೆಯಲ್ಲಿ ಪಾದರಸದ ಹನಿಗಳು ಒಂದರ ಹಿಂದೆ ಒಂದು ಬೀಳ್ತವೆ, ಎರಡು ಹನಿಗಳ ನಡುವೆ ಒಂಚೂರು ಗಾಳಿ ಸಿಕ್ಕಿಹಾಕಿಕೊಂಡು ಹೋಗುತ್ತೆ. ಹೊರಗಿನ ಒತ್ತಡದ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಕಡಿಮೆ ಮಾಡಬಹುದಿತ್ತು. ಇಂಥ ಪಂಪುಗಳಿಂದಲೇ 1879ರಲ್ಲಿ ಎಡಿಸನ್ ಬಲ್ಬು ಉಳಿದದ್ದು. ಗಾಳಿ ಇದ್ರೆ ಒಳಗಿನ ಎಳೆ ಸುಟ್ಟುಹೋಗುತ್ತಲ್ಲ. 1895ರ ಎಕ್ಸ್‌ರೇ, 1897ರ ಎಲೆಕ್ಟ್ರಾನ್, ಎರಡೂ ಸಿಕ್ಕಿದ್ದು ಹೀಗೆ ಖಾಲಿ ಮಾಡಿದ ಗಾಜಿನ ಕೊಳವೆಯಲ್ಲಿ. ಅಪ್ಪಯ್ಯನ ಎದೆಯ ಎಕ್ಸ್‌ರೇ ತೆಗೆದ ಯಂತ್ರದ ಕೊಳವೆಯೂ ಒಳಗೆ ಖಾಲಿಯೇ.

ನಮ್ಮ ರಾಜ್ಯಕ್ಕೂ ಇದು ಬೇಗನೇ ಬಂತು. ಶಿವನಸಮುದ್ರದ ಕರೆಂಟಿನಿಂದ 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದವು. 1936ರಲ್ಲಿ ಮಲ್ಲೇಶ್ವರದಲ್ಲಿ ಮೈಸೂರು ಲ್ಯಾಂಪ್ಸ್ ಶುರುವಾಯ್ತು. ಆ ಹೆಸರು ಕೇಳಿದ್ದೇ ಅಪ್ಪಯ್ಯ ಹೆಬ್ಬೆರಳು ಎತ್ತಿದ್ರು, ಅಂಗಡಿಯಲ್ಲಿ ಮಾರಿದ್ದು ಅದೇ ಬಲ್ಬು. ಆಮೇಲೆ ಜಾಲಹಳ್ಳಿಯ ಬಿಇಎಲ್ ರೇಡಿಯೋ ವಾಲ್ವ್‌ಗಳನ್ನ ಮಾಡ್ತು. ಅಜ್ಜನ ರೇಡಿಯೋ ಹಾಕಿದ್ರೆ ಬಿಸಿಯಾಗೋ ತನಕ ಕಾಯಬೇಕಿತ್ತಲ್ಲ, ಆ ವಾಲ್ವ್‌ಗಳು. 1965ರಲ್ಲಿ ಶುರುವಾದ ಪೀಣ್ಯದ ಹಿಂದ್ ಹೈ ವ್ಯಾಕ್ಯೂಮ್ ಪಂಪುಗಳನ್ನೂ ಮಾಡ್ತಿತ್ತು. ಇಸ್ರೋ ಉಪಗ್ರಹಗಳನ್ನ ಹಾರಿಸೋ ಮೊದಲು ಬೆಂಗಳೂರಲ್ಲೇ ಕೋಣೆಯಷ್ಟು ದೊಡ್ಡ ಟ್ಯಾಂಕಿನಲ್ಲಿಟ್ಟು ಗಾಳಿ ತೆಗೆದು ಬಿಸಿ, ತಂಪು ಮಾಡಿ ಪರೀಕ್ಷಿಸ್ತಾರೆ. ಎಂಟು ವರ್ಷ ಅದೇ ಊರಲ್ಲಿದ್ದು ನಾನು ಇದ್ಯಾವುದನ್ನೂ ಗಮನಿಸಿರಲಿಲ್ಲ. ನಾನು ಬರೆಯೋ ಕೋಡ್ ಓಡೋ ಚಿಪ್ಪುಗಳನ್ನ ಮಾಡೋದೂ ನಿರ್ವಾತದಲ್ಲೇ, ಪದರದ ಮೇಲೆ ಪದರ ಹಚ್ಚಿ.

ಅಲ್ಲಿಯ ಪಂಪುಗಳ ವಿಷಯ ಅಪ್ಪಯ್ಯನಿಗೆ ಬಹಳ ಇಷ್ಟವಾಯ್ತು. ಗಾಳಿ ತೀರಾ ಕಡಿಮೆಯಾದ ಮೇಲೆ ದೂಡೋಕೆ ಒತ್ತಡವೇ ಇರಲ್ಲ. ಅಣುಗಳು ಒಂದಕ್ಕೊಂದು ತಾಗದೆ ತಮ್ಮ ಪಾಡಿಗೆ ಅಲೀತಿರ್ತವೆ. ಪಂಪಿನ ಬಾಯಿಗೆ ಅದಾಗೇ ಬಂದು ಬಿದ್ದ ಅಣು ವಾಪಸ್ ಹೋಗದ ಹಾಗೆ ಮಾಡೋದೇ ಪಂಪಿನ ಕೆಲಸ. 1915ರಲ್ಲಿ ಗೇಡೆ ಮಾಡಿದ ಪಂಪಿನಲ್ಲಿ ಆವಿ ಅದನ್ನ ಒಯ್ಯುತ್ತೆ. 1958ರಲ್ಲಿ ಬೆಕರ್ ಮಾಡಿದ್ದರಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗೋ ರೆಕ್ಕೆ ಹೊಡೆದು ಕೆಳಗೆ ಕಳಿಸುತ್ತೆ. ನಮ್ಮ ಗದ್ದೆಯ ತೋಡಿಗೆ ಇಡೋ ಕೂಳಿ ಇದ್ದ ಹಾಗೆ ಅಂದೆ. ಮೀನನ್ನ ಯಾರೂ ಎಳೆಯಲ್ಲ, ಒಳಗೆ ಬಂದದ್ದು ಹೊರಗೆ ಹೋಗಲ್ಲ.

ಸೆಪ್ಟೆಂಬರಲ್ಲಿ ಗಂಟಲಿನ ಕೊಳವೆ ತೆಗೆದ್ರು. ಗಾಯ ಮುಚ್ಚೋಕೆ ಕೆಲವು ದಿನ. ದನಿ ಒಡೆದ ತಮಟೆ ಥರ. ಮೊದಲ ಪೂರ್ತಿ ವಾಕ್ಯ ಬಂದದ್ದು ಅಮ್ಮನ ಚಹಾಕ್ಕೆ ಸಕ್ಕರೆ ಕಡಿಮೆ ಅಂತ.

ನವೆಂಬರಲ್ಲಿ ಬೈಂದೂರು ಕಡೆಯ ಒಂದು ಮನೆಯವರಿಗೆ ಸಕ್ಷನ್ ಮಶೀನ್ ಬೇಕಿದೆ ಅಂತ ಫೋನ್ ಬಂತು. ಅವರ ಅಜ್ಜಿಗೆ. ಕೊಟ್ಟುಬಿಡುವ ಅಂದ್ರು ಅಪ್ಪಯ್ಯ. ತಗೊಂಡು ಹೋಗೋಕೆ ಬಂದವನು ಕಾಲೇಜಿಗೆ ಹೋಗೋ ಹುಡುಗ, ಬೈಕಲ್ಲಿ ಬಂದಿದ್ದ. ನಾನು ಸ್ವಿಚ್ಚು, ಮೀಟರು, 80ರಿಂದ 120, ಹತ್ತು ಸೆಕೆಂಡ್ ಎಲ್ಲ ಹೇಳಿದೆ. ಅಪ್ಪಯ್ಯ ಕುರ್ಚಿಯಲ್ಲಿ ಕೂತೇ ಮಶೀನನ್ನ ಹತ್ತಿರ ತರಿಸ್ಕೊಂಡು, ಪೈಪಿನ ತುದಿಗೆ ಹೆಬ್ಬೆರಳು ಒತ್ತಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಶಬ್ದ ಕೇಳಿದ್ರು. ಆಮೇಲೆ ಆಫ್ ಮಾಡಿ ಹುಡುಗನಿಗೆ ಹೇಳಿದ್ರು.

"ಮುಚ್ಚಳದ್ ವಾಶರ್ ಒಂದ್ ಎಕ್ಸ್‌ಟ್ರಾ ತಕಂಡ್ ಇಟ್ಕೋ ಮಗ. ಇವತ್ತೇ ತಕೋ."